ಪಾರ್ಸೆಲ್ ಡೆಲಿವರಿ ಕೆಲಸ: ಸೇರುವವರೂ ಸೇರಿದವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕಿನಲ್ಲಿ, ಮೂರು ಚಕ್ರದ ಗಾಡಿಯಲ್ಲಿ ಅಥವಾ ಸಣ್ಣ ವ್ಯಾನಿನಲ್ಲಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಕೆಲಸದ ಬಗ್ಗೆ ಕರ್ನಾಟಕದಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆಗಳು ಇಲ್ಲಿವೆ. ಊಟ, ದಿನಸಿ ಡೆಲಿವರಿಯ ವಿಷಯ ಬೇರೆ, ಅದನ್ನು ಇಲ್ಲಿ ಸೇರಿಸಿಲ್ಲ.

ಯಾವ ಲೈಸೆನ್ಸ್ ಬೇಕು? ಬ್ಯಾಡ್ಜ್ ಇಲ್ಲದಿದ್ದರೆ ವ್ಯಾನ್ ಓಡಿಸಬಹುದೇ?

ಬೈಕಿಗೆ ಗೇರ್ ಇರುವ ದ್ವಿಚಕ್ರ ವಾಹನದ ಲೈಸೆನ್ಸ್ ಸಾಕು. ಮೋಟರ್ 250 ವ್ಯಾಟ್ ಮೀರದ, ವೇಗ ಗಂಟೆಗೆ 25 ಕಿ.ಮೀ. ದಾಟದ ಎಲೆಕ್ಟ್ರಿಕ್ ಸ್ಕೂಟರಿಗೆ ಲೈಸೆನ್ಸೇ ಬೇಡ. ಆದರೆ 60–70 ಪಾರ್ಸೆಲ್ ಹೊತ್ತು ಫ್ಲೈಓವರ್ ಏರಲು ಅದರಿಂದ ಆಗುವುದಿಲ್ಲ. ಹತ್ತಿರದ ನಾಲ್ಕು ಬೀದಿಗೆ ಮಾತ್ರ ಸರಿ.

ಟಾಟಾ ಏಸ್, ಮಾರುತಿ ಈಕೋ ಕಾರ್ಗೋದಂಥ ವ್ಯಾನುಗಳ ವಿಷಯದಲ್ಲಿ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ಎಲ್‌ಎಂವಿ (ಲಘು ಮೋಟರ್ ವಾಹನ) ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋ ಒಳಗಿನ ಸರಕು ವಾಹನವನ್ನು ಬೇರೆ ನಮೂದು (ಜನ ಬ್ಯಾಡ್ಜ್ ಅನ್ನುವುದು) ಇಲ್ಲದೆ ಓಡಿಸಬಹುದು. ಹೀಗಿದ್ದರೂ ಕೆಲವು ವೆಂಡರ್‌ಗಳು (ಕಂಪನಿಗೆ ಗಾಡಿ, ಚಾಲಕರನ್ನು ಒದಗಿಸುವ ಗುತ್ತಿಗೆದಾರರು) 'ಟ್ರಾನ್ಸ್‌ಪೋರ್ಟ್' ಎಂದು ಲೈಸೆನ್ಸಿನಲ್ಲಿ ಇರಲೇಬೇಕು ಅನ್ನುತ್ತಾರೆ. ಅದು ಅವರ ಷರತ್ತು, ಕಾನೂನಿನದಲ್ಲ. ವಯಸ್ಸಿನ ಮಿತಿ ಮಾತ್ರ ಮರೆಯಬೇಡಿ: ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. 18ಕ್ಕೆ ಲೈಸೆನ್ಸ್ ಸಿಕ್ಕಿತೆಂದು ಹಳದಿ ಬೋರ್ಡಿನ ವ್ಯಾನ್ ಹತ್ತಿ ಅಪಘಾತವಾದರೆ ವಿಮಾ ಕಂಪನಿ ಮೊದಲು ಹಿಡಿಯುವುದು ಇದನ್ನೇ.

ನನ್ನ ಬಿಳಿ ಬೋರ್ಡಿನ ಬೈಕಿಗೆ ವಿಮೆ ಇದೆ. ಡೆಲಿವರಿಗೆ ಅದೇ ನಡೆಯುತ್ತದೆಯೇ?

ಹೆಚ್ಚಿನವರು ಅದರಲ್ಲೇ ಕೆಲಸ ಮಾಡುತ್ತಿದ್ದಾರೆ. ತೊಂದರೆ ಬರುವುದು ಕ್ಲೇಮ್ ಹಾಕುವಾಗ. ಪಾಲಿಸಿಯಲ್ಲಿ 'ವಾಹನ ಬಳಕೆಯ ಮಿತಿ' ಎಂಬ ಪ್ಯಾರಾ ಇರುತ್ತದೆ. ಬಾಡಿಗೆ ಅಥವಾ ವ್ಯಾಪಾರದ ಸರಕು ಸಾಗಣೆಗೆ ಅನ್ವಯಿಸುವುದಿಲ್ಲ ಎಂದು ಅದರಲ್ಲಿದ್ದರೆ, ಬಿದ್ದ ಬೈಕಿನ ರಿಪೇರಿ ಖರ್ಚು ನಿಮ್ಮ ತಲೆಗೇ ಬರಬಹುದು. ನವೀಕರಣಕ್ಕೆ ಮೊದಲು ವಿಮಾ ಕಂಪನಿಗೆ ಇಮೇಲ್ ಬರೆದು ಕೇಳಿ, ಉತ್ತರ ಉಳಿಸಿಕೊಳ್ಳಿ. ಏಜೆಂಟ್ ಬಾಯಲ್ಲಿ ಹೇಳಿದ ಮಾತು ಕ್ಲೇಮ್ ದಿನ ಲೆಕ್ಕಕ್ಕೆ ಬರುವುದಿಲ್ಲ. ಜೊತೆಗೆ ಮಾಲೀಕ-ಚಾಲಕರ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಪಾಲಿಸಿಯಲ್ಲಿ ಸೇರಿದೆಯೇ ನೋಡಿ. ಬೈಕ್ ಅಪ್ಪನ ಹೆಸರಿನಲ್ಲಿದ್ದು ಓಡಿಸುವವರು ನೀವಾದರೆ ಆ ರಕ್ಷಣೆ ನಿಮಗೆ ಸಿಗುವುದಿಲ್ಲ. ಆಗ ನಿಮ್ಮ ಹೆಸರಿನಲ್ಲೇ ಬೇರೆ ಅಪಘಾತ ಪಾಲಿಸಿ ಮಾಡಿಸಬೇಕು.

ವ್ಯಾನ್ ಹಾಕಿದರೆ ಯಾವ್ಯಾವ ಕಾಗದ ಬೇಕು?

ಆರ್‌ಸಿ, ವಿಮೆ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್), ಎಮಿಷನ್ ಸರ್ಟಿಫಿಕೇಟ್, ತೆರಿಗೆ ಕಟ್ಟಿದ ರಸೀದಿ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಟಾಟಾ ಏಸ್ ಈ ಮಿತಿಯೊಳಗೇ ಬರುತ್ತದೆ. 'ಪರ್ಮಿಟ್ ಮಾಡಿಸಿಕೊಡುತ್ತೇನೆ' ಎಂದು ದುಡ್ಡು ಕೇಳುವ ಮಧ್ಯವರ್ತಿಗೆ ಹೀಗೇ ಹೇಳಿ. ಎಫ್‌ಸಿ ಮಾತ್ರ ಬೇಕೇ ಬೇಕು. ಹೊಸ ಗಾಡಿಗೆ ಮೊದಲ 2 ವರ್ಷ, ಆಮೇಲೆ ಗಾಡಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ. ಎಫ್‌ಸಿ ಮುಗಿದ ಗಾಡಿ ನೋಂದಣಿಯೇ ಇಲ್ಲದ ಗಾಡಿಗೆ ಸಮ. ವಾಣಿಜ್ಯ ಬಳಕೆಯ ಎಲೆಕ್ಟ್ರಿಕ್ ಗಾಡಿಗೆ ಹಸಿರು ಬೋರ್ಡಿನ ಮೇಲೆ ಹಳದಿ ಅಕ್ಷರ ಇರುತ್ತದೆ.

ಓವರ್‌ಲೋಡಿಗೆ ಕೇಂದ್ರ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಪಾರ್ಸೆಲ್ ಗಾಡಿಯಲ್ಲಿ ಸಾಮಾನ್ಯವಾಗಿ ತೂಕಕ್ಕಿಂತ ಮೊದಲು ಜಾಗವೇ ತುಂಬುತ್ತದೆ. ಆದರೆ ಹಬ್ಬದ ಮಾರಾಟದ ದಿನಗಳಲ್ಲಿ ಡಂಬೆಲ್, ಹಿಟ್ಟಿನ ಮೂಟೆ, ವಾಷಿಂಗ್ ಮೆಷಿನ್ ಒಟ್ಟಿಗೆ ಬಂದಾಗ ಕಣ್ಣಳತೆ ಸಾಲದು. ರನ್‌ಶೀಟಿನಲ್ಲಿರುವ (ಆ ದಿನ ನಿಮಗೆ ಕೊಟ್ಟ ಪಾರ್ಸೆಲ್‌ಗಳ ಪಟ್ಟಿ) ತೂಕದ ಮೊತ್ತ ನೋಡಿಯೇ ಹೊರಡಿ.

ದಿನಕ್ಕೆ 900 ರೂಪಾಯಿ ಅನ್ನುತ್ತಾರೆ. ಕೈಯಲ್ಲಿ ಉಳಿಯುವುದು ಎಷ್ಟು?

ಲೆಕ್ಕ ಹಾಕುವ ಕ್ರಮ ಹೇಳುತ್ತೇವೆ, ದರ ಮಾತ್ರ ನಿಮ್ಮ ಹಬ್ಬಿನದು (ಹಬ್ ಎಂದರೆ ಪಾರ್ಸೆಲ್ ವಿಂಗಡಿಸಿ ಕೊಡುವ ಕೇಂದ್ರ) ಹಾಕಿಕೊಳ್ಳಿ. ಬೆಳಿಗ್ಗೆ 70 ಪಾರ್ಸೆಲ್ ಸಿಕ್ಕಿ 62 ಮುಟ್ಟಿದವು, ಒಂದಕ್ಕೆ 15 ರೂಪಾಯಿ ಎಂದುಕೊಳ್ಳಿ. ಒಟ್ಟು 930 ರೂಪಾಯಿ. ಹಬ್ಬಿಗೆ ಹೋಗಿ ಬರುವುದೂ ಸೇರಿ 55 ಕಿ.ಮೀ. ಓಡಾಟ. ಲೋಡ್ ಹೊತ್ತು, ನಿಂತು ನಿಂತು ಹೋಗುವ ಬೈಕು ಲೀಟರಿಗೆ 45 ಕೊಟ್ಟರೆ ಸುಮಾರು 1.22 ಲೀಟರ್ ಪೆಟ್ರೋಲ್. ಲೀಟರಿಗೆ 103 ರೂಪಾಯಿ ಹಿಡಿದರೆ 126 ರೂಪಾಯಿ. ಆಯಿಲ್, ಚೈನು, ಟೈರು, ಬ್ರೇಕ್ ಶೂ ಎಲ್ಲ ಸೇರಿ ಕಿ.ಮೀ.ಗೆ 1 ರೂಪಾಯಿಯಂತೆ 55.

ಇಲ್ಲಿಗೇ ಹೆಚ್ಚಿನವರು ಲೆಕ್ಕ ನಿಲ್ಲಿಸುತ್ತಾರೆ. ಗಾಡಿ ಸವೆಯುವುದಕ್ಕೂ ಬೆಲೆ ಇದೆ. ಒಂದು ಲಕ್ಷದ ಬೈಕನ್ನು 60,000 ಕಿ.ಮೀ. ಓಡಿಸಿ 40,000ಕ್ಕೆ ಮಾರಿದರೆ ಕಿ.ಮೀ.ಗೆ 1 ರೂಪಾಯಿ ಹೋಯಿತು. ಅಂದರೆ ದಿನಕ್ಕೆ ಇನ್ನೊಂದು 55. ಫೋನು, ಡೇಟಾಕ್ಕೆ 15. ಉಳಿಯುವುದು 679 ರೂಪಾಯಿ. ತಿಂಗಳಿಗೆ 26 ದಿನ ದುಡಿದರೆ 17,654. ಊಟ, ಕಾಫಿ, ದಂಡ, ಕಳೆದ ಪಾರ್ಸೆಲಿನ ಕಡಿತ ಎಲ್ಲ ಇದರೊಳಗಿಂದಲೇ ಹೋಗಬೇಕು. ಸಂಬಳದ ಕೆಲಸದ ಜೊತೆ ಹೋಲಿಸುವಾಗ 930ನ್ನಲ್ಲ, ಈ ಮೊತ್ತವನ್ನು ಹೋಲಿಸಿ.

ಸೇರುವ ಮುಂಚೆ ಬರವಣಿಗೆಯಲ್ಲಿ ಕೇಳಬೇಕಾದದ್ದು: ಮುಟ್ಟದ ಪಾರ್ಸೆಲಿಗೆ ಏನಾದರೂ ಸಿಗುತ್ತದೆಯೇ, ರಿಟರ್ನ್ ಪಿಕಪ್ಪಿಗೆ ದರ ಎಷ್ಟು, ಒಂದೇ ಮನೆಗೆ ಮೂರು ಪಾರ್ಸೆಲ್ ಹೋದರೆ ಮೂರು ಎಣಿಕೆಯೋ ಒಂದೋ, ದೊಡ್ಡ ಪಾರ್ಸೆಲಿಗೆ ಬೇರೆ ದರ ಇದೆಯೇ, ಠೇವಣಿ ಎಷ್ಟು, ಅದು ಯಾವಾಗ ವಾಪಸ್. ವ್ಯಾನಿನವರು ಇನ್ನೂ ಕೇಳಬೇಕು: ತಿಂಗಳ ಬಾಡಿಗೆಯಾದರೆ ಎಷ್ಟು ಕಿ.ಮೀ.ವರೆಗೆ, ಮೀರಿದರೆ ಕಿ.ಮೀ.ಗೆ ಎಷ್ಟು, ಟೋಲ್ ಮತ್ತು ಪಾರ್ಕಿಂಗ್ ಯಾರದು, ಲೋಡರ್ ಕೊಡುತ್ತಾರೋ ಇಲ್ಲವೋ.

ಬೆಳಿಗ್ಗೆ ಹಬ್ಬಿನಲ್ಲಿ ಗಡಿಬಿಡಿ. ಯಾವುದನ್ನು ಬಿಟ್ಟರೂ ನಡೆಯುತ್ತದೆ, ಯಾವುದನ್ನು ಬಿಡಬಾರದು?

ಎಣಿಕೆ ಬಿಡಬಾರದು. ನಿಮ್ಮ ಹೆಸರಿಗೆ ಔಟ್‌ಸ್ಕ್ಯಾನ್ ಆದ (ಹಬ್ಬಿನಿಂದ ಹೊರಟಿತೆಂದು ಸ್ಕ್ಯಾನ್ ಆದ) ಕ್ಷಣದಿಂದ ಆ ಪಾರ್ಸೆಲ್ ನಿಮ್ಮ ಜವಾಬ್ದಾರಿ. ಸಂಜೆ 'ಒಂದು ಕಡಿಮೆ' ಎಂದಾಗ ಅದು ದಾರಿಯಲ್ಲಿ ಬಿತ್ತೋ, ಬೆಳಿಗ್ಗೆ ಬಂದೇ ಇರಲಿಲ್ಲವೋ ಎಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಈ ಕೆಲಸದಲ್ಲಿ ಹುಡುಗರು ಕಳೆದುಕೊಳ್ಳುವ ದುಡ್ಡಿನ ದೊಡ್ಡ ಪಾಲು ಹೋಗುವುದು ಇಲ್ಲೇ.

ಕ್ರಮ ಹೀಗಿರಲಿ. ಸ್ಕ್ಯಾನರ್ ನಿಮ್ಮ ಕೈಯಲ್ಲೇ ಇರಬೇಕು. ಬೇರೆಯವರು ಸ್ಕ್ಯಾನ್ ಮಾಡಿ ರಾಶಿ ಹಾಕಿದ್ದನ್ನು ಹಾಗೇ ತುಂಬಿಕೊಳ್ಳಬೇಡಿ. ಸ್ಕ್ಯಾನ್ ಮಾಡಿದ್ದನ್ನು ಎಡಗಡೆಯಿಂದ ಬಲಗಡೆಗೆ ಹತ್ತರ ಗುಂಪಾಗಿ ಇಡಿ. ಮುಗಿದ ಮೇಲೆ ರನ್‌ಶೀಟಿನ ಸಂಖ್ಯೆಗೆ ಕೈಯೆಣಿಕೆ ತಾಳೆ ನೋಡಿ. ವ್ಯತ್ಯಾಸ ಇದ್ದರೆ ಅಲ್ಲೇ, ಗೇಟು ದಾಟುವ ಮೊದಲು, ಆ ನಂಬರನ್ನು ನಿಮ್ಮ ಶೀಟಿನಿಂದ ತೆಗೆಸಿ. 'ಆಮೇಲೆ ತೆಗೀತೀನಿ ಹೋಗಿ' ಎಂದರೆ ಹಬ್ ಇನ್‌ಚಾರ್ಜ್‌ಗೆ ಆ ನಂಬರಿನೊಂದಿಗೆ ವಾಟ್ಸ್‌ಆ್ಯಪ್ ಸಂದೇಶ ಹಾಕಿಯೇ ಹೊರಡಿ.

ಹರಿದದ್ದು, ಒದ್ದೆಯಾದದ್ದು, ಟೇಪಿನ ಮೇಲೆ ಇನ್ನೊಂದು ಟೇಪು ಸುತ್ತಿದ್ದು, ಅಲುಗಿಸಿದರೆ ಗಾಜಿನ ಚೂರಿನ ಸದ್ದು ಬರುವುದು: ಇವನ್ನು ತೆಗೆದುಕೊಳ್ಳುವ ಮೊದಲು ಲೇಬಲ್ ಕಾಣುವಂತೆ ಫೋಟೋ ತೆಗೆದು ಡ್ಯಾಮೇಜ್ ಎಂದು ದಾಖಲಿಸಿ. ಮೊಬೈಲ್, ಲ್ಯಾಪ್‌ಟಾಪ್ ಪೆಟ್ಟಿಗೆಗಳನ್ನು ಕೈಯಲ್ಲಿ ತೂಗಿ ನೋಡಿ. ಲೇಬಲ್ಲಿನಲ್ಲಿ 500 ಗ್ರಾಂ ಎಂದಿದ್ದು ಖಾಲಿ ಪೆಟ್ಟಿಗೆಯ ಹಾಗೆ ಹಗುರವಾಗಿದ್ದರೆ ಹಬ್ಬಿನ ತಕ್ಕಡಿಯಲ್ಲಿ ಇಟ್ಟು ಫೋಟೋ ತೆಗೆಯಿರಿ.

ಬ್ಯಾಗು, ಗಾಡಿ ಹೇಗೆ ತುಂಬಬೇಕು?

ಕೊನೆಗೆ ಕೊಡುವುದು ಮೊದಲು ಒಳಗೆ. ಎಲ್ಲರಿಗೂ ಗೊತ್ತಿರುವ ಮಾತೇ, ಆದರೆ 70 ಪಾರ್ಸೆಲನ್ನು ಒಂದೊಂದಾಗಿ ಹಾಗೆ ಜೋಡಿಸಲು ಹೋದರೆ ಒಂದು ಗಂಟೆ ಬೇಕು. ಅದರ ಬದಲು ಬೀಟನ್ನು (ನಿಮಗೆ ಕೊಟ್ಟ ಡೆಲಿವರಿ ಪ್ರದೇಶ) ನಾಲ್ಕೈದು ತುಂಡು ಮಾಡಿ, ಒಂದೊಂದು ತುಂಡಿಗೆ ಒಂದು ಗೋಣಿಚೀಲ ಅಥವಾ ಬಣ್ಣದ ಕೈಚೀಲ ಇಟ್ಟುಕೊಳ್ಳಿ. ಚೀಲದೊಳಗೆ ಕ್ರಮ ಇಲ್ಲದಿದ್ದರೂ 15 ಪಾರ್ಸೆಲಿನಲ್ಲಿ ಹುಡುಕುವುದು ಸುಲಭ. ಲೇಬಲ್ಲಿನ ಮೂಲೆಯಲ್ಲಿ ಸ್ಕೆಚ್ ಪೆನ್ನಿನಿಂದ ದಪ್ಪಕ್ಷರದಲ್ಲಿ ಅಡ್ಡರಸ್ತೆಯ ನಂಬರು ಬರೆಯಿರಿ. ಬಾರ್‌ಕೋಡಿನ ಮೇಲೆ ಮಾತ್ರ ಬರೆಯಬೇಡಿ.

ಬೈಕಿನಲ್ಲಿ ಭಾರದ್ದು ತಳಕ್ಕೆ, ಸವಾರನ ಬೆನ್ನಿಗೆ ಹತ್ತಿರ. ಭಾರ ಹಿಂದಕ್ಕೆ ಹೋದಷ್ಟೂ ಮುಂದಿನ ಚಕ್ರದ ಮೇಲಿನ ಒತ್ತು ಕಡಿಮೆಯಾಗಿ ಹ್ಯಾಂಡಲ್ ತೂಗಾಡುತ್ತದೆ, ಹಂಪಿನ ಮೇಲೆ ಹತ್ತಿದಾಗ ಮುಂಭಾಗ ಏಳುತ್ತದೆ. ಬ್ಯಾಗಿನ ಎತ್ತರ ನಿಮ್ಮ ಭುಜ ದಾಟಿದರೆ ಪಕ್ಕದಿಂದ ಬೀಸುವ ಗಾಳಿಗೇ ಬೈಕು ವಾಲುತ್ತದೆ. ಟ್ಯಾಂಕಿನ ಮೇಲೆ ಪೆಟ್ಟಿಗೆ ಇಟ್ಟು ಹೊಟ್ಟೆಯಿಂದ ಒತ್ತಿ ಹಿಡಿದು ಹೋಗುವ ಅಭ್ಯಾಸ ಬಿಡಿ. ಹ್ಯಾಂಡಲ್ ಪೂರ್ತಿ ತಿರುಗುವುದಿಲ್ಲ, ಬೀಳುವುದು ಯು-ಟರ್ನಿನಲ್ಲೇ.

ಟಾಟಾ ಏಸಿನ ತೊಟ್ಟಿ ಸುಮಾರು 7 ಅಡಿ ಉದ್ದ, 5 ಅಡಿಗೆ ಸ್ವಲ್ಪ ಕಡಿಮೆ ಅಗಲ. ಭಾರದ ಪೆಟ್ಟಿಗೆಗಳು ಕ್ಯಾಬಿನ್ ಕಡೆಯಿಂದ ಹಿಂದಿನ ಆಕ್ಸಲ್‌ವರೆಗೆ, ನೆಲಕ್ಕೆ ತಾಗಿ. ಹಿಂಬಾಗಿಲಿನ ಹತ್ತಿರ ಹಗುರದ್ದು. ಬಲಕ್ಕೂ ಎಡಕ್ಕೂ ತೂಕ ಸಮ ಇರಲಿ. ಫ್ರಿಜ್ಜು ನಿಂತೇ ಹೋಗಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿಯುತ್ತದೆ, ತಕ್ಷಣ ಸ್ವಿಚ್ ಹಾಕಿದರೆ ಕೆಡಬಹುದು. ಟಿವಿ ಕೂಡ ಮಲಗಿಸುವಂತಿಲ್ಲ, ನಿಲ್ಲಿಸಿ ಎರಡು ಮೆತ್ತನೆಯ ಪೆಟ್ಟಿಗೆಗಳ ನಡುವೆ ಸಿಕ್ಕಿಸಿ.

ಬೆಂಗಳೂರಿನ ವಿಳಾಸ ಹುಡುಕುವುದೇ ಅರ್ಧ ದಿನ ತಿನ್ನುತ್ತದೆ. ಉಪಾಯ ಇದೆಯೇ?

ಮ್ಯಾಪ್ ತೋರಿಸುವ ಪಿನ್ ಮೇಲೆ ಪೂರ್ತಿ ಭಾರ ಹಾಕಬೇಡಿ. ಗ್ರಾಹಕರು ಆಫೀಸಿನಲ್ಲಿ ಕೂತು ಆರ್ಡರ್ ಮಾಡಿದಾಗ ಎಷ್ಟೋ ಸಲ ಪಿನ್ ಆಫೀಸಿನದೇ ಬಿದ್ದಿರುತ್ತದೆ, ಬರಹದ ವಿಳಾಸ ಮನೆಯದು. ಎರಡೂ ಹೊಂದದಿದ್ದರೆ ಬರಹವನ್ನು ನಂಬಿ, ಹೊರಡುವ ಮೊದಲೇ ಫೋನ್ ಮಾಡಿ.

ವಿಳಾಸವನ್ನು ಹಿಂದಿನಿಂದ ಓದಿ: ಪಿನ್‌ಕೋಡ್, ಬಡಾವಣೆ, ಹಂತ ಅಥವಾ ಬ್ಲಾಕ್, ಮುಖ್ಯರಸ್ತೆ, ಅಡ್ಡರಸ್ತೆ, ಕೊನೆಗೆ ಮನೆ ನಂಬರ್. '14ನೇ ಅಡ್ಡರಸ್ತೆ' ಮಲ್ಲೇಶ್ವರದಲ್ಲೂ ಇದೆ, ಇನ್ನೂ ಎಷ್ಟೋ ಬಡಾವಣೆಗಳಲ್ಲಿ ಇದೆ. ಹಂತ ತಪ್ಪಿದರೆ ಸರಿಯಾದ ಮುಖ್ಯರಸ್ತೆ, ಸರಿಯಾದ ಅಡ್ಡರಸ್ತೆ ಸಿಕ್ಕಿಯೂ ನೀವು ಬೇರೆ ಮನೆ ಮುಂದೆ ನಿಂತಿರುತ್ತೀರಿ. ಮನೆ ನಂಬರುಗಳು ಸೈಟ್ ಹಂಚಿದ ಕ್ರಮದಲ್ಲಿ ಬಂದಿರುವುದರಿಂದ 212ರ ಪಕ್ಕ 213 ಇರಲೇಬೇಕೆಂದಿಲ್ಲ. ಗೋಡೆಯ ಮೇಲೆ ಹಳೆಯ ನಂಬರು ಒಂದು, ಹೊಸದು ಇನ್ನೊಂದು ಇರಬಹುದು. ಬಾಗಿಲಲ್ಲಿ ಹೆಸರು ಕೇಳಿ ಖಚಿತ ಮಾಡಿಕೊಳ್ಳದೆ ಕೊಡಬೇಡಿ.

ಏಕಮುಖ ರಸ್ತೆಗಳನ್ನು ನೋಡಿ ಬೀಟಿನ ದಿಕ್ಕು ಕಟ್ಟಿಕೊಳ್ಳಿ. ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಎರಡೂ ಏಕಮುಖ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರುವಂತೆ ಅಡ್ಡರಸ್ತೆಗಳನ್ನು ಹೊಂದಿಸಿದರೆ ಸುತ್ತು ಉಳಿಯುತ್ತದೆ. ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಗಲ್ಲಿಗಳಿಗೆ ಗಾಡಿ ನುಗ್ಗಿಸಬೇಡಿ. ಹೊರಗೆ ನಿಲ್ಲಿಸಿ, ಒಂದು ಚೀಲ ಹೆಗಲಿಗೆ ಹಾಕಿಕೊಂಡು ನಡೆದರೆ ಬೇಗ ಮುಗಿಯುತ್ತದೆ. ನಗರದೊಳಗೆ ಬೆಳಿಗ್ಗೆ, ಸಂಜೆಯ ದಟ್ಟಣೆ ಹೊತ್ತಿನಲ್ಲಿ ಸರಕು ವಾಹನಗಳಿಗೆ ನಿರ್ಬಂಧ ಇರುವ ರಸ್ತೆಗಳಿವೆ. ಸಮಯ ಆಗಾಗ ಬದಲಾಗುತ್ತದೆ, ಸಂಚಾರ ಪೊಲೀಸರ ಪ್ರಕಟಣೆ ನೋಡಿಕೊಳ್ಳಿ.

ದೊಡ್ಡ ಅಪಾರ್ಟ್‌ಮೆಂಟನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಗೇಟಿನಲ್ಲಿ ಒಪ್ಪಿಗೆ, ಲಿಫ್ಟಿಗೆ ಕಾಯುವುದು ಎಲ್ಲ ಸೇರಿ ಹೊತ್ತು ಹಿಡಿದರೂ ಅಲ್ಲಿ ಬಿಸಿಲಿಲ್ಲ, ಒಂದೇ ಕಡೆ 15 ಪಾರ್ಸೆಲ್ ಕರಗುತ್ತದೆ. ಮೇಲಿನ ಮಹಡಿಯಿಂದ ಶುರು ಮಾಡಿ ಮೆಟ್ಟಿಲಿನಲ್ಲಿ ಇಳಿಯುತ್ತ ಬನ್ನಿ.

ಹಳ್ಳಿ ಕಡೆಯ ಬೀಟು ಸಿಕ್ಕಿದರೆ?

ಅಲ್ಲಿ ಮ್ಯಾಪಿಗಿಂತ ಜನರ ಬಾಯಿಯೇ ಮುಖ್ಯ. ಮನೆ ನಂಬರು ಇರುವುದಿಲ್ಲ, 'ಇಂಥವರ ಮಗ, ಬಸ್ ನಿಲ್ದಾಣದ ಹತ್ತಿರ' ಎಂದಷ್ಟೇ ಇರುತ್ತದೆ. ಕಿರಾಣಿ ಅಂಗಡಿ, ಹಾಲಿನ ಡೈರಿ, ಅಂಚೆ ಕಚೇರಿಯಲ್ಲಿ ಕೇಳಿ. ಹಿಂದಿನ ಸಂಜೆಯೇ ಫೋನ್ ಮಾಡಿ 'ನಾಳೆ ಹನ್ನೊಂದರ ಹೊತ್ತಿಗೆ ಬರ್ತೀನಿ' ಎಂದು ಹೇಳಿಟ್ಟರೆ ಹೊಲಕ್ಕೆ ಹೋಗುವವರು ಮನೆಯಲ್ಲಿ ದುಡ್ಡು ಕೊಟ್ಟು ಹೋಗಿರುತ್ತಾರೆ. ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಎರಡು ಮೂರು ಕಿ.ಮೀ. ಆಗುತ್ತದೆ, ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ಪಾರ್ಸೆಲ್ ಲೆಕ್ಕದ ದರ ಅಲ್ಲಿ ನಷ್ಟ. ಕಿ.ಮೀ. ಲೆಕ್ಕವೋ ದಿನದ ಸಂಬಳವೋ ಆದರೆ ಮಾತ್ರ ಒಪ್ಪಿಕೊಳ್ಳಿ.

ಗ್ರಾಹಕರು ಫೋನ್ ಎತ್ತುವುದಿಲ್ಲ. ಪಕ್ಕದ ಮನೆಗೆ ಕೊಟ್ಟು ಬರಬಹುದೇ?

ಅವರೇ ಸಂದೇಶದಲ್ಲಿ ಬರೆದು ಹೇಳಿದ್ದರೆ ಮಾತ್ರ. ಬಾಯಲ್ಲಿ ಹೇಳಿ ಆಮೇಲೆ 'ನನಗೆ ಬಂದಿಲ್ಲ' ಎಂದರೆ ಉತ್ತರ ಕೊಡಬೇಕಾದವರು ನೀವು. ಸೆಕ್ಯೂರಿಟಿ ಬಳಿ ಇಟ್ಟರೆ ಅವರ ಹೆಸರು, ಸಮಯ ಆ್ಯಪಿನಲ್ಲಿ ದಾಖಲಿಸಿ, ಇಟ್ಟ ಜಾಗದ ಫೋಟೋ ತೆಗೆಯಿರಿ.

ಯಾರೂ ಇಲ್ಲದಿದ್ದರೆ ಆ್ಯಪಿನೊಳಗಿನಿಂದಲೇ ಕರೆ ಮಾಡಿ, ಇಲ್ಲವಾದರೆ ಕರೆ ಮಾಡಿದ ದಾಖಲೆ ಉಳಿಯುವುದಿಲ್ಲ. ಸ್ಥಳದಲ್ಲಿ ನಿಂತೇ ಕಾರಣ ನಮೂದಿಸಿ. ಮನೆಗೆ ಹೋಗದೆ 'ಬಾಗಿಲು ಹಾಕಿದೆ' ಎಂದು ಒತ್ತುವುದನ್ನು ಜಿಪಿಎಸ್ ಹಿಡಿದುಕೊಡುತ್ತದೆ, ಐಡಿ ಬ್ಲಾಕ್ ಆಗಲು ಇದೊಂದೇ ಸಾಕು. ಅದಕ್ಕಿಂತ ಮುಖ್ಯವಾಗಿ, ಆ ಪೆಟ್ಟಿಗೆಯಲ್ಲಿ ಯಾರದೋ ಮಾತ್ರೆ, ಯಾರದೋ ಪರೀಕ್ಷೆಯ ಪುಸ್ತಕ ಇರಬಹುದು.

ಓಟಿಪಿ ಮೊದಲೇ ಕೇಳಿಟ್ಟುಕೊಂಡರೆ ಸಮಯ ಉಳಿಯುತ್ತದಲ್ಲ?

ಬೇಡ. ಫೋನಿನಲ್ಲಿ ಓಟಿಪಿ ಕೇಳುವುದು ವಂಚಕರ ದಾರಿ, ಜನರಿಗೆ ಆ ಅಭ್ಯಾಸ ನಾವೇ ಮಾಡಿಸಬಾರದು. ಪಾರ್ಸೆಲ್ ಅವರ ಕಣ್ಣೆದುರು ಇರುವಾಗ ಮಾತ್ರ ಕೇಳಿ. ಪೆಟ್ಟಿಗೆ ತೆರೆದು ತೋರಿಸಬೇಕಾದ ಡೆಲಿವರಿಯಾದರೆ ಕ್ರಮ ಹೀಗೆ: ಮೊದಲು ಸೀಲ್ ತೋರಿಸಿ, ಅವರ ಮುಂದೆ ತೆರೆದು, ವಸ್ತು ನೋಡಿ ಅವರು ಒಪ್ಪಿದ ಮೇಲೆ ಓಟಿಪಿ. ಮೊದಲೇ ಓಟಿಪಿ ಹಾಕಿ ಆಮೇಲೆ ಪೆಟ್ಟಿಗೆಯಲ್ಲಿ ಸೋಪು ಸಿಕ್ಕರೆ ಇಬ್ಬರಿಗೂ ತಾಪತ್ರಯ.

ಸಿಒಡಿ (ಪಾರ್ಸೆಲ್ ಕೊಡುವಾಗ ಗ್ರಾಹಕರಿಂದ ಪಡೆಯುವ) ದುಡ್ಡಿನಲ್ಲಿ ಕಡಿಮೆ ಬೀಳುತ್ತಿದೆ. ಏನು ತಪ್ಪು ಮಾಡುತ್ತಿದ್ದೇನೆ?

ಸಾಮಾನ್ಯ ಕಾರಣ ಮೂರು. ಸ್ವಂತ ದುಡ್ಡೂ ಸಿಒಡಿ ದುಡ್ಡೂ ಒಂದೇ ಜೇಬಿನಲ್ಲಿರುವುದು. ಚಿಲ್ಲರೆ ಇಲ್ಲದೆ ನಾಲ್ಕೈದು ರೂಪಾಯಿ ಬಿಡುತ್ತ ಹೋಗುವುದು. ದಿನಕ್ಕೆ 20 ರೂಪಾಯಿಯಾದರೂ 26 ದಿನಕ್ಕೆ 520 ರೂಪಾಯಿ. ಮೂರನೆಯದು, ಗ್ರಾಹಕರ ಫೋನಿನಲ್ಲಿ ಹಸಿರು ಟಿಕ್ ನೋಡಿ ಹೊರಟುಬಿಡುವುದು.

ಸಿಒಡಿಗೆ ಜಿಪ್ ಇರುವ ಬೇರೆ ಚೀಲ ಇರಲಿ. ಬೆಳಿಗ್ಗೆ ನಿಮ್ಮದೇ 300 ರೂಪಾಯಿಯಷ್ಟು ಚಿಲ್ಲರೆ, 10, 20, 50ರ ನೋಟುಗಳಲ್ಲಿ ಬೇರೆ ಇಟ್ಟುಕೊಳ್ಳಿ. ನೋಟು ಎಣಿಸಿ ಖಚಿತವಾದ ಮೇಲೆ ಪಾರ್ಸೆಲ್ ಬಿಡಿ. 500ರ ನೋಟನ್ನು ಬೆಳಕಿಗೆ ಹಿಡಿದು ಗಾಂಧೀಜಿ ನೀರಚ್ಚು ನೋಡಿ, ಓರೆ ಮಾಡಿ ಭದ್ರತಾ ದಾರ ಹಸಿರಿನಿಂದ ನೀಲಿಗೆ ತಿರುಗುತ್ತದೆಯೇ ನೋಡಿ. 2,000ದ ನೋಟುಗಳ ಚಲಾವಣೆಯನ್ನು ರಿಸರ್ವ್ ಬ್ಯಾಂಕ್ 2023ರ ಮೇ 19ರಂದು ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿತು. ಹಬ್ಬಿನಲ್ಲಿ ಅದನ್ನು ಪಡೆಯುವುದು ಕಷ್ಟ, ವಿನಯದಿಂದ ಬೇರೆ ನೋಟು ಕೇಳಿ.

ಯುಪಿಐ ಆದರೆ ಡೆಲಿವರಿ ಆ್ಯಪಿನಲ್ಲಿ ಆ ಆರ್ಡರಿಗೆಂದೇ ಬರುವ ಕ್ಯೂಆರ್ ತೋರಿಸಿ, ನಿಮ್ಮ ಆ್ಯಪಿನಲ್ಲಿ ಹಣ ಬಂದಿದೆ ಎಂದು ಬಂದ ಮೇಲೆ ಮುಂದಕ್ಕೆ ಹೋಗಿ. ನಿಮ್ಮ ಸ್ವಂತ ನಂಬರಿಗೆ ಹಣ ಹಾಕಿಸಿಕೊಂಡು ನಗದು ಕಟ್ಟುವ ಪದ್ಧತಿ ಬೇಡ. ಕಳಿಸಿದವರ ಖಾತೆಯಲ್ಲಿ ಏನಾದರೂ ತಕರಾರು ಇದ್ದರೆ ನಿಮ್ಮ ಬ್ಯಾಂಕ್ ಖಾತೆಯೂ ತಡೆಹಿಡಿಯಲ್ಪಡಬಹುದು. ಸಂಜೆ ಹಬ್ಬಿನಲ್ಲಿ ಕಟ್ಟಿದ ದುಡ್ಡಿಗೆ ಯಾವ ನೋಟು ಎಷ್ಟು ಎಂದು ಬರೆದ ರಸೀದಿ ಪಡೆಯಿರಿ.

ರಿಟರ್ನ್ ಪಿಕಪ್ಪಿನಲ್ಲಿ ಏನು ನೋಡಬೇಕು?

ವಸ್ತುವನ್ನು ಆ್ಯಪಿನಲ್ಲಿರುವ ಚಿತ್ರದ ಜೊತೆ ಹೋಲಿಸಿ: ಬಣ್ಣ, ಅಳತೆ, ಬ್ರ್ಯಾಂಡಿನ ಟ್ಯಾಗು. ಮೊಬೈಲಾದರೆ *#06# ಒತ್ತಿ ಐಎಂಇಐ ನಂಬರನ್ನು ಪೆಟ್ಟಿಗೆಯ ನಂಬರಿಗೆ ತಾಳೆ ನೋಡಿ. ಹೊಂದದಿದ್ದರೆ ಪಿಕಪ್ ರದ್ದು ಮಾಡಿ. ಗ್ರಾಹಕರು ಎಷ್ಟೇ ಗದರಿದರೂ ಒಮ್ಮೆ ಬ್ಯಾಗಿಗೆ ಹಾಕಿಕೊಂಡರೆ ಬದಲಾಯಿಸಿದವರು ನೀವೇ ಎಂಬ ಮಾತು ಬರುತ್ತದೆ.

ಹಗುರವಾದ ಪೆಟ್ಟಿಗೆಗೂ 12 ಕಿಲೋ ಎಂದು ಹಾಕಿರುತ್ತಾರೆ, ಯಾಕೆ?

ಅದು ಗಾತ್ರದ ತೂಕ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ಗಳಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. 50×40×30 ಪೆಟ್ಟಿಗೆ ಎಂದರೆ 60,000 ÷ 5,000 = 12 ಕಿಲೋ. ನಿಮ್ಮ ದರ ತೂಕದ ಮೇಲಿದ್ದರೆ ಯಾವ ತೂಕ ಹಿಡಿಯುತ್ತಾರೆ ಎಂದು ಕೇಳಿ.

ಮಳೆಗಾಲದಲ್ಲಿ ಪಾರ್ಸೆಲ್ ಉಳಿಸಿಕೊಳ್ಳುವುದು ಹೇಗೆ?

ಬ್ಯಾಗಿನ ರೈನ್‌ಕವರ್ ಒಂದನ್ನೇ ನಂಬಬೇಡಿ. ನೀರು ಇಳಿಯುವುದು ಜಿಪ್ಪಿನಿಂದ ಮತ್ತು ಹಿಂದಿನ ಚಕ್ರ ಎರಚುವ ಕೆಸರಿನಿಂದ. ಬ್ಯಾಗಿನೊಳಗೆ ದಪ್ಪ ಪಾಲಿಥಿನ್ ಚೀಲ ಹಾಸಿ, ಅದರೊಳಗೆ ಪಾರ್ಸೆಲ್ ಇಟ್ಟು ಬಾಯಿ ಮಡಚಿ. ತಳದಲ್ಲಿ ಎರಡು ಇಂಚು ಥರ್ಮಕೋಲ್ ಹಾಕಿದರೆ ನಿಂತ ನೀರು ಪೆಟ್ಟಿಗೆಗೆ ತಾಗುವುದಿಲ್ಲ. ಲೇಬಲ್ಲುಗಳು ಸಾಮಾನ್ಯವಾಗಿ ಥರ್ಮಲ್ ಕಾಗದ. ಬಿಸಿಗೆ ಕಪ್ಪಾಗುತ್ತವೆ, ಸ್ಯಾನಿಟೈಸರ್ ತಗುಲಿದರೂ ಹಾಳಾಗುತ್ತವೆ. ಬಾರ್‌ಕೋಡ್ ಓದದಿದ್ದರೆ ಕೆಳಗಿನ ನಂಬರನ್ನು ಕೈಯಲ್ಲೇ ಹೊಡೆಯಿರಿ. ಒದ್ದೆ ಬೆರಳಿಗೆ ಫೋನ್ ಸ್ಪಂದಿಸುವುದಿಲ್ಲ, ಹೆಲ್ಮೆಟ್ಟಿನೊಳಗೆ ಒಂದು ಒಣ ಬಟ್ಟೆ ಇಟ್ಟುಕೊಳ್ಳಿ.

ನೀರು ನಿಂತ ಅಂಡರ್‌ಪಾಸಿಗೆ ಇಳಿಯಲೇಬೇಡಿ. ಯಾವ ಪಾರ್ಸೆಲ್ಲೂ ಅಷ್ಟು ಬೆಲೆಯದಲ್ಲ. ಎಂಜಿನ್ ನೀರಲ್ಲಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ, ಸಿಲಿಂಡರಿಗೆ ನೀರು ನುಗ್ಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಗಾಡಿಯನ್ನೂ ಮೈಯನ್ನೂ ಎಷ್ಟು ದಿನಕ್ಕೆ ನೋಡಿಕೊಳ್ಳಬೇಕು?

ಮೇಲಿನ ಲೆಕ್ಕದಂತೆ ತಿಂಗಳಿಗೆ 1,430 ಕಿ.ಮೀ. ಓಡುತ್ತೀರಿ. 'ಮೂರು ತಿಂಗಳು ಅಥವಾ 3,000 ಕಿ.ಮೀ.' ಎಂದು ಕೈಪಿಡಿಯಲ್ಲಿದ್ದರೆ ನಿಮಗೆ ಅದು ಎರಡು ತಿಂಗಳೇ. ಚೈನಿಗೆ 500 ಕಿ.ಮೀ.ಗೊಮ್ಮೆ ಎಣ್ಣೆ, ಅಂದರೆ ಸುಮಾರು ಒಂಬತ್ತು ದಿನಕ್ಕೊಮ್ಮೆ. ಟೈರಿನ ಗಾಳಿ ವಾರಕ್ಕೊಮ್ಮೆ, ಬೆಳಿಗ್ಗೆ ಟೈರ್ ತಣ್ಣಗಿರುವಾಗ, ಹಿಂದಿನದಕ್ಕೆ ಕೈಪಿಡಿಯಲ್ಲಿ ಇಬ್ಬರು ಕೂತಾಗಿನ ಒತ್ತಡ. ಗಾಳಿ ಕಡಿಮೆಯಾದರೆ ಲೋಡಿನಲ್ಲಿ ಟೈರಿನ ಪಕ್ಕೆ ಬಿಸಿಯಾಗಿ ಬಿರಿಯುತ್ತದೆ.

ಬೆನ್ನು ಗಾಡಿಗಿಂತ ಮೊದಲು ಕೆಡುತ್ತದೆ. ಪೆಟ್ಟಿಗೆಯ ಹತ್ತಿರ ಹೋಗಿ ಮಂಡಿ ಮಡಚಿ ಕೂತು, ಎದೆಗೆ ಅವಚಿ, ಕಾಲಿನ ಬಲದಿಂದ ಏಳಿ. ಎತ್ತಿದ ಮೇಲೆ ಸೊಂಟ ತಿರುಚಬೇಡಿ, ಪಾದ ತಿರುಗಿಸಿ. 25 ಕಿಲೋ ಮೀರಿದ್ದಕ್ಕೆ ಇನ್ನೊಬ್ಬರನ್ನು ಕರೆಯಿರಿ. ಬ್ಯಾಗು ಬೆನ್ನಿಗೆ ಹಾಕಿಕೊಂಡು ಓಡಿಸುವುದಕ್ಕಿಂತ ಸೀಟಿನ ಮೇಲೆ ಕೂರಿಸಿ ಪಟ್ಟಿ ಬಿಗಿಯುವುದು ಲೇಸು.

ನೀರು, ಶೌಚಾಲಯದ ಸಮಸ್ಯೆಗೆ ಏನು ಮಾಡಬೇಕು?

ಶೌಚಾಲಯ ಸಿಗುವುದಿಲ್ಲವೆಂದು ನೀರು ಕುಡಿಯದೆ ಇರುವುದು ಈ ಕೆಲಸದ ಅತಿ ಕೆಟ್ಟ ಅಭ್ಯಾಸ. ಮೂತ್ರದ ಸೋಂಕು, ಮೂತ್ರಪಿಂಡದ ಕಲ್ಲು ಹೀಗೇ ಶುರುವಾಗುವುದು. ಬೀಟಿನ ಮೊದಲ ವಾರದಲ್ಲೇ ಪೆಟ್ರೋಲ್ ಬಂಕ್, ಮೆಟ್ರೋ ನಿಲ್ದಾಣ, ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯಗಳನ್ನು ಗುರುತು ಮಾಡಿಕೊಳ್ಳಿ. ಹೆಣ್ಣುಮಕ್ಕಳಿಗೆ ಇದು ಇನ್ನೂ ಕಷ್ಟ. ಬಂಕಿನಲ್ಲಿ ಬೀಗ ಹಾಕಿದ್ದರೆ ಕೀಲಿ ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ, ಶೌಚಾಲಯ ಅಲ್ಲಿ ಇರಲೇಬೇಕಾದ ಸೌಲಭ್ಯ.

ನಾಯಿ ಬೊಗಳಿದರೆ ಓಡಬೇಡಿ, ಬ್ಯಾಗನ್ನು ಮುಂದೆ ಹಿಡಿದು ನಿಲ್ಲಿ. ಕಚ್ಚಿದರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆ ಶುರು ಮಾಡಿಸಿ. ಉಳಿದ ಪಾರ್ಸೆಲ್ ನಾಳೆಗೆ.

ಕೆಲಸದಲ್ಲಿ ಅಪಘಾತವಾದರೆ?

ಮೊದಲು 108, ಪೊಲೀಸರಿಗೆ 112. ರಸ್ತೆ ಅಪಘಾತದ ಗಾಯಾಳುಗಳಿಗೆ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ 2025ರ ಮೇನಲ್ಲಿ ಜಾರಿಗೆ ಬಂದಿದೆ: ನಿಗದಿತ ಆಸ್ಪತ್ರೆಗಳಲ್ಲಿ ಗರಿಷ್ಠ 7 ದಿನ, 1.5 ಲಕ್ಷ ರೂಪಾಯಿವರೆಗೆ. ಆಸ್ಪತ್ರೆಗೆ ಸೇರಿಸುವವರು ಇದನ್ನು ಬಾಯಿಬಿಟ್ಟು ಕೇಳಬೇಕು. ಅಪಘಾತದ ಹೊತ್ತಿಗೆ ನೀವು ಕೆಲಸದಲ್ಲಿದ್ದಿರಿ ಎಂಬುದಕ್ಕೆ ಆ ದಿನದ ರನ್‌ಶೀಟ್, ಲಾಗಿನ್ ಸಮಯದ ಸ್ಕ್ರೀನ್‌ಶಾಟ್ ಬೇಕಾಗುತ್ತದೆ. ಐಡಿ ಬ್ಲಾಕ್ ಆದರೆ ಆಮೇಲೆ ಸಿಗದು, ಅಂದೇ ತೆಗೆಸಿ. ಪೊಲೀಸ್ ದೂರು, ಆಸ್ಪತ್ರೆಯ ದಾಖಲೆಯಲ್ಲಿ 'ಪಾರ್ಸೆಲ್ ಕೊಡಲು ಹೋಗುವಾಗ' ಎಂದು ಬರೆಸಿ.

ಗಿಗ್ ಕಾರ್ಮಿಕರಿಗೆ (ಆ್ಯಪ್ ಮೂಲಕ ಕೆಲಸಕ್ಕಿಷ್ಟು ಎಂದು ದುಡಿಯುವವರಿಗೆ) ರಾಜ್ಯದಲ್ಲಿ ಏನು ಸೌಲಭ್ಯ ಇದೆ?

ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ಮಾಡಿರುವ ಇ-ಶ್ರಮ್ ಪೋರ್ಟಲ್ಲಿನಲ್ಲಿ ನೋಂದಣಿ ಮಾಡಿಸಿ. ರಾಜ್ಯದ ಗಿಗ್ ಕಾರ್ಮಿಕರ ವಿಮಾ ಯೋಜನೆಯಲ್ಲಿ ಅಪಘಾತದಿಂದ ಮರಣವಾದರೆ ಕುಟುಂಬಕ್ಕೆ 4 ಲಕ್ಷ ರೂಪಾಯಿ. ಅದರಲ್ಲಿ 2 ಲಕ್ಷ ಜೀವವಿಮೆ, 2 ಲಕ್ಷ ಅಪಘಾತ ವಿಮೆ. ನಾಮಿನಿಯ ಹೆಸರು, ಆಧಾರ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ, ಅರ್ಜಿಗಳು ಸಿಕ್ಕಿಬೀಳುವುದು ಇಲ್ಲೇ.

2025ರಲ್ಲಿ ಬಂದ ಕರ್ನಾಟಕದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ ಕಂಪನಿಗಳು ಕಾರ್ಮಿಕರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಇದನ್ನು ನಿಮ್ಮ ದುಡಿಮೆಯಿಂದ ಕಡಿಯುವಂತಿಲ್ಲ. ಕೆಲಸದಿಂದ ತೆಗೆಯುವಾಗ ಕಾರಣ ತಿಳಿಸಿ 14 ದಿನ ಮೊದಲೇ ನೋಟಿಸ್ ಕೊಡಬೇಕು. ವೆಂಡರ್ ಕೆಳಗೆ ತಿಂಗಳ ಸಂಬಳಕ್ಕೆ ಇದ್ದರೆ ನಿಮ್ಮ ಹಕ್ಕು ಬೇರೆ: ಪಿಎಫ್, ಇಎಸ್‌ಐ ಕಟ್ಟುತ್ತಿದ್ದಾರೆಯೇ ಎಂದು ನೀವೇ ನೋಡಿಕೊಳ್ಳಿ, ಪಿಎಫ್ ಆದರೆ ಯುಎಎನ್ (ನಿಮ್ಮ ಪಿಎಫ್ ಗುರುತಿನ) ನಂಬರಿನಿಂದ. ವೇತನದ ಚೀಟಿಯಲ್ಲಿ ಕಡಿತ ತೋರಿಸಿ ಖಾತೆಗೆ ಕಟ್ಟದೇ ಇರುವುದೂ ಉಂಟು.

ಪ್ರತಿ ಪಾವತಿಯಲ್ಲಿ ಶೇ. 1 ಟಿಡಿಎಸ್ (ಪಾವತಿಯಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದಿದ್ದರೆ ಅದು ನಿಮ್ಮದೇ ದುಡ್ಡು. ತೆರಿಗೆ ಬರುವಷ್ಟು ಆದಾಯ ಇಲ್ಲದವರು ರಿಟರ್ನ್ ಹಾಕಿ ವಾಪಸ್ ಪಡೆಯಬಹುದು.

ಅಂಚೆ ಇಲಾಖೆಯಲ್ಲಿ ಇದೇ ಕೆಲಸ ಸಿಗುತ್ತದೆಯೇ?

ಎರಡು ದಾರಿ ಇವೆ. ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ 10ನೇ ತರಗತಿ, ವಯಸ್ಸು 18ರಿಂದ 40, ಸ್ಥಳೀಯ ಭಾಷೆ ಓದಿರಬೇಕು. ಪರೀಕ್ಷೆ ಇಲ್ಲ, ಹತ್ತನೇ ತರಗತಿಯ ಅಂಕದ ಮೇಲೆ ಆಯ್ಕೆ. ಡಾಕ್ ಸೇವಕರಿಗೆ ಮೂಲ ಭತ್ಯೆ 10,000ದಿಂದ 24,470 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ಇನ್ನೊಂದು ಸ್ಟಾಫ್ ಕಾರ್ ಡ್ರೈವರ್ ಹುದ್ದೆ, ಮೇಲ್ ಮೋಟರ್ ಸರ್ವಿಸಿನ (ಅಂಚೆ ಸಾಗಿಸುವ ವಿಭಾಗ) ಗಾಡಿಗಳಿಗೂ ಇವರೇ. ಲಘು ಮತ್ತು ಭಾರಿ ಎರಡೂ ವಾಹನದ ಲೈಸೆನ್ಸ್, 3 ವರ್ಷದ ಅನುಭವ, 10ನೇ ತರಗತಿ, ಸಣ್ಣಪುಟ್ಟ ರಿಪೇರಿ ಜ್ಞಾನ ಬೇಕು. ವೇತನಶ್ರೇಣಿ 19,900ದಿಂದ 63,200. ಹುದ್ದೆಗಳು ಕಡಿಮೆ, ಅಧಿಸೂಚನೆ ಅಪರೂಪ. ಭಾರಿ ವಾಹನದ ಲೈಸೆನ್ಸ್ ಮೊದಲೇ ಮಾಡಿಸಿಟ್ಟವರಿಗೆ ಮಾತ್ರ ಅರ್ಜಿ ಹಾಕಲು ಸಮಯ ಸಾಲುತ್ತದೆ.

ಕೆಲಸ ಬಿಡುವಾಗ ಏನು ಮಾಡಬೇಕು?

ಕೊನೆಯ ದಿನ ಎಲ್ಲ ರನ್‌ಶೀಟ್ ಮುಚ್ಚಿಸಿ, ಬಾಕಿ ಸೊನ್ನೆ ಎಂದು ತೋರಿಸುವ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಬ್ಯಾಗು, ಐಡಿ ಕಾರ್ಡ್, ಸ್ಕ್ಯಾನರ್ ಹಿಂತಿರುಗಿಸಿದ್ದಕ್ಕೆ ಸಹಿ ಪಡೆಯಿರಿ. ಠೇವಣಿ ಯಾವ ದಿನಾಂಕಕ್ಕೆ ಬರುತ್ತದೆಂದು ಬರೆಸಿಕೊಳ್ಳಿ. ನಿಮ್ಮ ಐಡಿಯಿಂದ ಲಾಗಿನ್ ಆಗದಂತೆ ನಿಷ್ಕ್ರಿಯಗೊಳಿಸಲು ಇಮೇಲಿನಲ್ಲಿ ಕೇಳಿ. ಹಾಗೇ ಬಿಟ್ಟ ಐಡಿಯಲ್ಲಿ ಬೇರೆಯವರು ಕೆಲಸ ಮಾಡಿ ಪಾರ್ಸೆಲ್ ಕಳೆದರೆ ವಸೂಲಿಗೆ ಫೋನ್ ಬರುವುದು ನಿಮಗೆ.